ಮಂಜಿನಿಂದ ಬೆಳ್ಳಿಪುಡಿ

ಮಕ್ಕಳೇ, ಸೇಲಂನ ಬೆಳ್ಳಿ ಗೆಜ್ಜೆ ನಿಮಗೆ ಗೊತ್ತಲ್ಲವೇ? ಸೆವ್ವಾಪೇಟೆಯ ಕೆಲಸಗಾರರು ಬೆಳ್ಳಿಯನ್ನು ಮೂಸೆಯಲ್ಲಿ ಕರಗಿಸಿ, ತಂತಿ ಎಳೆದು ಗೆಜ್ಜೆ ಮಾಡ್ತಾರೆ. ಬೆಳ್ಳಿ ಕರಗುವುದು ಸುಮಾರು 962 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಆದರೆ ಸೋಲಾರ್ ಫಲಕದ ಮೇಲಿನ ಕೂದಲೆಳೆಯಂಥ ಗೆರೆಗಳನ್ನು ಬೆಳ್ಳಿಪುಡಿಯ ಪೇಸ್ಟಿನಿಂದ ಅಚ್ಚು ಹಾಕುತ್ತಾರೆ. ಪುಡಿ ಒರಟಾದರೆ ಗೆರೆ ನಡುವೆ ಕಡಿದುಹೋಗಬಹುದು. ಕಡಿದಲ್ಲಿ ವಿದ್ಯುತ್ ಹರಿಯೋದಿಲ್ಲ.

ಅಷ್ಟು ನುಣ್ಣನೆಯ ಪುಡಿ ಮಾಡುವ ಒಂದು ವಿಧಾನ ನೋಡಿ. 17 ಗ್ರಾಂ ಸಿಲ್ವರ್ ನೈಟ್ರೇಟನ್ನು ನೀರಿನಲ್ಲಿ ಕರಗಿಸಿ 1 ಲೀಟರ್ ದ್ರಾವಣ ಮಾಡುತ್ತಾರೆ. ಅದನ್ನು ಮಂಜಿನಂತೆ ಸಿಂಪಡಿಸಿ, ಸುಮಾರು 600 ಡಿಗ್ರಿ ಕಾದ ಕೊಳವೆಯೊಳಗೆ ಹಾಯಿಸುತ್ತಾರೆ. ಮೊದಲು ನೀರು ಆವಿಯಾಗುತ್ತದೆ. ಆಮೇಲೆ ಸಿಲ್ವರ್ ನೈಟ್ರೇಟ್ ವಿಭಜನೆಯಾಗಿ, ನೈಟ್ರೋಜನ್ ಡೈಆಕ್ಸೈಡ್ ಮತ್ತು ಆಕ್ಸಿಜನ್ ಹೊರಟುಹೋಗುತ್ತವೆ. ಉಳಿಯೋದು ಬೆಳ್ಳಿ ಮಾತ್ರ. ಒಂದು ಹನಿಗೆ ಒಂದು ಕಣ!

ಈಗ ಲೆಕ್ಕ. ಆ 1 ಲೀಟರಿನಲ್ಲಿರುವ ಬೆಳ್ಳಿ 10.8 ಗ್ರಾಂ. ಅದರ ಘನಫಲ ಸುಮಾರು 1 ಘನ ಸೆಂಟಿಮೀಟರ್, ಅಂದರೆ ದ್ರಾವಣದ ಸಾವಿರದಲ್ಲೊಂದು ಪಾಲು. 10 × 10 × 10 = 1000 ಅಲ್ಲವೇ? ಆದ್ದರಿಂದ ಗಟ್ಟಿ ಕಣದ ವ್ಯಾಸ ಹನಿಯ ವ್ಯಾಸದ ಹತ್ತರಲ್ಲೊಂದು. ಹನಿ 5 ಮೈಕ್ರೋಮೀಟರ್ ಇದ್ದರೆ ಕಣ 0.5 ಮೈಕ್ರೋಮೀಟರ್. ಕಣ ಇನ್ನೂ ಚಿಕ್ಕದಾಗಬೇಕೇ? ದ್ರಾವಣವನ್ನು ತೆಳುಮಾಡಿದರೆ ಸಾಕು.

ಎಚ್ಚರಿಕೆ: ಇದನ್ನು ನೀವು ಮಾಡಿ ನೋಡಬೇಡಿ. ಸಿಲ್ವರ್ ನೈಟ್ರೇಟ್ ತಗುಲಿದರೆ ಚರ್ಮ ಕಪ್ಪಾಗುತ್ತದೆ. ಹೊರಬರುವ ಕಂದು ಬಣ್ಣದ ನೈಟ್ರೋಜನ್ ಡೈಆಕ್ಸೈಡ್ ವಿಷಾನಿಲ.

ನಿಮಗೊಂದು ಪ್ರಶ್ನೆ: 1 ಲೋಟ ದ್ರಾವಣಕ್ಕೆ 7 ಲೋಟ ನೀರು ಬೆರೆಸಿ, ಅಷ್ಟೇ ದೊಡ್ಡ ಹನಿಗಳನ್ನು ಸಿಂಪಡಿಸಿದರೆ ಕಣದ ವ್ಯಾಸ ಎಷ್ಟಾಗುತ್ತದೆ? (ಉತ್ತರ: ಮೊದಲಿನ ಅರ್ಧ. ಯಾಕೆ ಅಂತ ಯೋಚಿಸಿ.)