ಬಿಸಿಲೂರಿನಲ್ಲಿ ಬೆವರಿನ ಲೆಕ್ಕ

ವಾರಕ್ಕೆ ಎಷ್ಟು ದಿನ ಬಿಸಿ ಯೋಗ ಮಾಡಬಹುದು ಎಂದು ಯಾರಾದರೂ ಕೇಳಿದರೆ ನಾನು ಮೊದಲು ಎರಡು ಮಾತು ವಿಚಾರಿಸುತ್ತೇನೆ: ಮಧ್ಯಾಹ್ನ ಎಲ್ಲಿರುತ್ತೀರಿ, ರಾತ್ರಿ ಎಲ್ಲಿ ಮಲಗುತ್ತೀರಿ? ಸರ್ಕಾರಿ ನೌಕರಿಯ ವರ್ಗಾವಣೆಯಲ್ಲಿ ಆಳಂದ, ಅಫಜಲಪುರ, ಜೇವರ್ಗಿ ಸುತ್ತಿ, ಮೂರೂ ಕಡೆ ಯೋಗ ಮಾಡುತ್ತ ಮಾಡಿಸುತ್ತ ಬಂದ ಮೇಲೆ, ಈ ಎರಡಕ್ಕೂ ಉತ್ತರ ಸಿಗುವವರೆಗೆ ನಾನು ಯಾರಿಗೂ ವಾರದ ಲೆಕ್ಕ ಹೇಳುವುದಿಲ್ಲ.

ಬಿಸಿ ಕೋಣೆಯ ಯೋಗ ಕಲಿತದ್ದು ಪುಣೆಯಲ್ಲಿ, ಅಲ್ಲೊಂದು ಖಾಸಗಿ ಕಂಪನಿಯಲ್ಲಿ ದುಡಿಯುತ್ತಿದ್ದಾಗ. ಕೋಲ್ಕತ್ತದ ಬಿಕ್ರಮ್ ಚೌಧರಿ 1970ರ ದಶಕದಿಂದ ಅಮೆರಿಕದಲ್ಲಿ ಹೆಸರು ಮಾಡಿಸಿದ ಪದ್ಧತಿ ಅದು. ಉಸಿರಾಟದ ಅಭ್ಯಾಸಗಳೂ ಸೇರಿ 26 ಭಂಗಿ, 90 ನಿಮಿಷ, ಸುಮಾರು 40 ಡಿಗ್ರಿ ಸೆಲ್ಸಿಯಸ್ ಬಿಸಿ, ಶೇ 40ರಷ್ಟು ತೇವ. ನನಗೆ ಕಲಿಸಿದವರು ವಾರಕ್ಕೆ ಮೂರರಿಂದ ಐದು ದಿನ ಎನ್ನುತ್ತಿದ್ದರು. ಅಲ್ಲಿ ಅದು ಸರಿಯಾಗಿಯೇ ಹೊಂದುತ್ತಿತ್ತು. ಒಂದೂವರೆ ತಾಸು ಬಿಸಿಯಲ್ಲಿ ಬೆಂದವರು ಉಳಿದ ಹೊತ್ತನ್ನು ಎ.ಸಿ. ಕಚೇರಿಯಲ್ಲಿ ಕಳೆದು, ರಾತ್ರಿ ತಣ್ಣಗೆ ಮಲಗುತ್ತಿದ್ದರು. ಮೈಗೆ ದಣಿವಾರಿಸಿಕೊಳ್ಳಲು ಬೇಕಾದಷ್ಟು ಸಮಯವಿತ್ತು.

ಆಳಂದದ ಕಥೆ ಬೇರೆ. ನಮ್ಮ ತರಗತಿ ನಡೆಯುತ್ತಿದ್ದುದು ತಗಡಿನ ಮಾಡಿನ ಒಂದು ಸಭಾಂಗಣದಲ್ಲಿ, ಕೆಳಗೆ ಶಹಾಬಾದ್ ಫರಸಿ. ಮಾರ್ಚ್ ಕೊನೆಯ ಹೊತ್ತಿಗೆ ಬೆಳಗಿನ ಹತ್ತು ಗಂಟೆಗೆಲ್ಲ ಒಳಗಿನ ಥರ್ಮಾಮೀಟರ್ ಪುಣೆಯ ಕೋಣೆಯಷ್ಟೇ ತೋರಿಸುತ್ತಿತ್ತು, ಹೀಟರ್ ಇಲ್ಲದೆ. ಆದರೆ ಇದು ಒಣ ಧಗೆ. ಪುಣೆಯಲ್ಲಿ ಬೆವರು ಮೂಗಿನ ತುದಿಯಿಂದ ತೊಟ್ಟಿಕ್ಕಿ ಚಾಪೆ ಒದ್ದೆಯಾಗುತ್ತಿತ್ತು. ಇಲ್ಲಿ ಬೆವರು ಮೂಡಿದ ಕ್ಷಣವೇ ಆರಿ ಹೋಗುತ್ತದೆ, ಕುಪ್ಪಸದ ಬೆನ್ನಿನ ಮೇಲೆ ಬಿಳಿ ಉಪ್ಪಿನ ಗೆರೆ ಮಾತ್ರ ಉಳಿಯುತ್ತದೆ. ಹಾಗಾಗಿ ಹೊಸಬರು, "ಬೆವರೇ ಬರ್ಲಿಲ್ರಿ, ಇನ್ನೊಂದ್ ಸುತ್ತ ಮಾಡೂನ್ರಿ" ಎನ್ನುತ್ತಾರೆ. ಈ ಮಾತು ಕೇಳಿದ ಮೇಲೆ ನಾನು ಬಾಗಿಲ ಬಳಿ ತೂಕದ ಯಂತ್ರ ಇಡಿಸಿದೆ. ಶುರುವಿಗೆ ಮುಂಚೆ ಒಮ್ಮೆ, ಮುಗಿದ ಮೇಲೆ ಮೈ ಒರೆಸಿಕೊಂಡು ಒಮ್ಮೆ. ಒಂದು ಕಿಲೊ ಇಳಿದಿದ್ದರೆ ಹೆಚ್ಚು ಕಡಿಮೆ ಒಂದು ಲೀಟರ್ ನೀರು ಹೋಗಿದೆ ಎಂದರ್ಥ. ದೇಹತೂಕದ ಶೇ 2ರಷ್ಟು ನೀರು ಕಳೆದರೆ ಶಕ್ತಿ ಕುಂದುವುದು ಶುರು. 60 ಕಿಲೊ ತೂಗುವವರಿಗೆ ಅದು ಒಂದು ಕಿಲೊ 200 ಗ್ರಾಂ. ಕಣ್ಣಿಗೆ ಕಾಣದ ಬೆವರು ಯಂತ್ರದ ಮುಳ್ಳಿನಲ್ಲಿ ಕಂಡಾಗ ಯಾರೂ ಇನ್ನೊಂದು ಸುತ್ತು ಕೇಳಲಿಲ್ಲ.

90 ನಿಮಿಷವನ್ನು ನಾನು ಇಲ್ಲಿ ಯಾವತ್ತೂ ಮಾಡಿಸಿಲ್ಲ. 2015ರಲ್ಲಿ ಅಮೆರಿಕದ ವಿಸ್ಕಾನ್ಸಿನ್–ಲಾ ಕ್ರಾಸ್ ವಿಶ್ವವಿದ್ಯಾಲಯದವರು ಬಿಕ್ರಮ್ ತರಗತಿಯ ಅಭ್ಯಾಸಿಗಳ ಒಳಮೈ ಉಷ್ಣತೆ ಅಳೆದಾಗ ಕೆಲವರಲ್ಲಿ ಅದು 103 ಡಿಗ್ರಿ ಫ್ಯಾರನ್‌ಹೀಟ್ ದಾಟಿತ್ತು. ಅವರಿಗೇ ಹಾಗಾದರೆ, ತರಗತಿ ಬಿಟ್ಟು ಹೊರಗೆ ಕಾಲಿಟ್ಟರೆ 42 ಡಿಗ್ರಿ ಬಿಸಿಲು ಕಾಯುತ್ತಿರುವ ನಮ್ಮೂರಿನವರ ಗತಿಯೇನು? ಬಿಸಿ ಹೊತ್ತಿನಲ್ಲಿ ನಮ್ಮದು ಹೆಚ್ಚೆಂದರೆ 45 ನಿಮಿಷ, ಅದರಲ್ಲಿ ಕೊನೆಯ ಹತ್ತು ಶವಾಸನಕ್ಕೆ.

ಯಾವಾಗ ಶುರು ಮಾಡಬೇಕು ಎಂಬುದರಲ್ಲಿ ಹಳಬರ ಮಾತು ನನಗೆ ಬಹಳ ಉಪಯೋಗಕ್ಕೆ ಬಂತು. ಘೇರಂಡ ಸಂಹಿತೆ ಹೊಸದಾಗಿ ಯೋಗ ಹಿಡಿಯಲು ವಸಂತ ಮತ್ತು ಶರದ್ ಋತು ಒಳ್ಳೆಯದು, ಗ್ರೀಷ್ಮದಲ್ಲಿ ಬೇಡ ಎನ್ನುತ್ತದೆ. ಆದರೆ ಪಂಚಾಂಗದ ವಸಂತವೆಂದರೆ ಚೈತ್ರ, ವೈಶಾಖ. ನಮ್ಮ ಸೀಮೆಯಲ್ಲಿ ನೆತ್ತಿ ಸುಡುವ ಕಾಲವೇ ಅದು. ಹಾಗಾಗಿ ನಮಗೆ ಉಳಿಯುವುದು ಶರದ್ ಒಂದೇ. ಜೂನ್ 21ರ ಯೋಗ ದಿನದ ಹುರುಪಿನಲ್ಲಿ ಬರುವವರನ್ನು ನಾನು ಪ್ರೀತಿಯಿಂದಲೇ ಬರಮಾಡಿಕೊಳ್ಳುತ್ತೇನೆ, ಉಸಿರಾಟ, ಸರಳ ಆಸನ ಹೇಳಿಕೊಡುತ್ತೇನೆ. ಬಿರುಸಿನ ಅಭ್ಯಾಸ ಮಾತ್ರ ಶೀಗಿ ಹುಣ್ಣಿಮೆ ದಾಟಿದ ಮೇಲೆ. ಎಳ್ಳಮಾವಾಸ್ಯೆಯ ಹೊತ್ತಿಗೆ ಮೈ ಹದಕ್ಕೆ ಬಂದಿರುತ್ತದೆ. ಅಷ್ಟಾಂಗಹೃದಯದಲ್ಲಿ ವಾಗ್ಭಟ ಹೇಳುವುದೂ ಇದೇ ಅರ್ಥದ ಮಾತು: ಬಲವಿದ್ದವನೂ ಅರ್ಧ ಶಕ್ತಿಯಷ್ಟೇ ವ್ಯಾಯಾಮ ಮಾಡಲಿ, ಬಿಸಿ ಕಾಲದಲ್ಲಿ ಅದಕ್ಕಿಂತಲೂ ಕಡಿಮೆ.

ಮೈ ಬಿಸಿಗೆ ಒಗ್ಗಲು ಹತ್ತರಿಂದ ಹದಿನಾಲ್ಕು ದಿನ ಬೇಕು. ಆಗ ಬೆವರು ಬೇಗ ಮೂಡುತ್ತದೆ, ಅದರಲ್ಲಿ ಉಪ್ಪು ಕಡಿಮೆಯಾಗುತ್ತದೆ, ಎದೆಬಡಿತ ಅಷ್ಟು ಏರುವುದಿಲ್ಲ. ಮೂರು ನಾಲ್ಕು ವಾರ ತಂಪಿನಲ್ಲಿದ್ದರೆ ಗಳಿಸಿದ್ದೆಲ್ಲ ಹೋಗುತ್ತದೆ.

ಅಫಜಲಪುರದಲ್ಲಿ ಕಲಿತದ್ದು ಬಿಡುವಿನ ಬೆಲೆ. ಆಳಂದದ ಕಡೆಯಿಂದ ಬರುವ ಅಮರ್ಜಾ ಭೀಮೆಯನ್ನು ಕೂಡುವ ಗಾಣಗಾಪುರ ಆ ತಾಲ್ಲೂಕಿನದೇ. ಹುಣ್ಣಿಮೆ ಬಂತೆಂದರೆ ತರಗತಿಯ ಅರ್ಧ ಜನ ಸಂಗಮದ ಸ್ನಾನಕ್ಕೆ, ದತ್ತನ ದರ್ಶನಕ್ಕೆ ಹೊರಟುಬಿಡುತ್ತಿದ್ದರು. ಅಮಾವಾಸ್ಯೆಗೆ ಎತ್ತಿನ ಹೆಗಲಿಗೆ ನೊಗ ಇಡದ ಜನ ತಮ್ಮ ಮೈಗೂ ಅಂದು ಬಿಡುವು ಕೊಡುತ್ತಿದ್ದರು. ಮೈಸೂರಿನ ಪಟ್ಟಾಭಿ ಜೋಯಿಸರ ಪರಂಪರೆಯಲ್ಲಿಯೂ ಅಮಾವಾಸ್ಯೆ, ಹುಣ್ಣಿಮೆಗೆ ಅಭ್ಯಾಸವಿಲ್ಲ. ಹಾಗೆ ಆ ಎರಡೂ ದಿನ, ಅದರ ಜೊತೆ ಸೋಮವಾರ, ತರಗತಿಗೆ ಬೀಗ ಹಾಕಿದೆ. ಯಾರೂ ಬರದ ದಿನ ಬೈಯುತ್ತ ಕೂರುವುದಕ್ಕಿಂತ, ಊರಿನವರು ಮೊದಲಿನಿಂದ ಪಾಲಿಸುವ ಬಿಡುವಿನ ಮೇಲೆ ವೇಳಾಪಟ್ಟಿ ಕಟ್ಟಿದರೆ ಅದು ನಿಲ್ಲುತ್ತದೆ. ಆ ತರಗತಿ ವರ್ಷಗಳ ಕಾಲ ನಡೆಯಿತು.

ಬ್ಯಾಸಗಿಯಲ್ಲಿ ನಮ್ಮ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ಉದ್ಯೋಗ ಖಾತ್ರಿಯಲ್ಲಿಯೂ ಆ ತಿಂಗಳುಗಳಲ್ಲಿ ಕೆಲಸದ ಪ್ರಮಾಣ ತಗ್ಗಿಸಿ ಪೂರ್ತಿ ಕೂಲಿ ಕೊಡುತ್ತ ಬಂದಿದ್ದಾರೆ. ಬಿಸಿಲಿನಲ್ಲಿ ನಿಲ್ಲುವುದೇ ಒಂದು ದುಡಿಮೆ ಎಂದು ಸರ್ಕಾರವೇ ಒಪ್ಪಿದ ಮೇಲೆ ಯೋಗ ಕಲಿಸುವವರು ಒಪ್ಪದಿದ್ದರೆ ಹೇಗೆ?

ಇದು ನನಗೆ ಪೂರ್ತಿ ತಿಳಿದದ್ದು ಜೇವರ್ಗಿಯಲ್ಲಿ. ಅಲ್ಲಿ ಸಂಜೆಯ ತರಗತಿಗೆ ಬರುತ್ತಿದ್ದವರಲ್ಲಿ ಹತ್ತಿ ಬಿಡಿಸುವ, ತೊಗರಿ ಹೊಲದಲ್ಲಿ ಕಳೆ ಕೀಳುವ ಹೆಣ್ಣುಮಕ್ಕಳೂ ಇದ್ದರು. ಸೂರ್ಯನಮಸ್ಕಾರ ಶುರು ಮಾಡಿಸುವಾಗ ಒಬ್ಬಾಕೆ ನಿಂತಲ್ಲೇ ನಿಂತು ಕೇಳಿದರು: "ಅಕ್ಕೋರೆ, ಮುಂಜಾನಿಯಿಂದ ಬಗ್ಗಿ ಬಗ್ಗಿ ನಡಾ ಹಿಡ್ಕೊಂಡಾದ. ಇಲ್ಲೂ ಮತ್ತ ಬಗ್ಗಸ್ತೀರೇನ್ರಿ?" ಅವರ ಕೈ ನೋಡಿದೆ. ಹತ್ತಿಕಾಯಿಯ ಒಣಗಿದ ಚಿಪ್ಪಿನ ಮೊನೆ ತಾಗಿ ಉಗುರಿನ ಸುತ್ತ ಗೀರು, ಬೆರಳ ತುದಿ ಒರಟು. ಆ ಕೈ ನೆಲಕ್ಕೂರಿ ಅಧೋಮುಖ ಶ್ವಾನಾಸನ ಮಾಡು ಎನ್ನಲು ನನಗೆ ಮನಸ್ಸಾಗಲಿಲ್ಲ. ಅವರ ದಿನದ ಬಿಸಿ, ದಿನದ ಬಾಗುವಿಕೆ ಎರಡೂ ಹೊಲದಲ್ಲಿ ಮುಗಿದಿದ್ದವು. ಅಂದಿನಿಂದ ಅವರಿಗೆ ಬೇರೆಯದೇ ಕ್ರಮ. ಫರಸಿಗೆ ನೀರು ಚಿಮುಕಿಸಿ, ಒರೆಸಿ, ಅದು ತಣ್ಣಗಾದ ಮೇಲೆ ಗೋಡೆಗೆ ಕಾಲು ಚಾಚಿ ವಿಪರೀತಕರಣಿ. ನಂತರ ಸೇತುಬಂಧ, ಮೆಲ್ಲಗೆ ಭುಜಂಗಾಸನ, ಕೊನೆಗೆ ನಾಲಿಗೆ ಸುರುಳಿ ಮಾಡಿ ಶೀತಲಿ. ಸುರುಳಿ ಬರದವರಿಗೆ ಹಲ್ಲಿನ ಸಂದಿನಿಂದ ಉಸಿರೆಳೆಯುವ ಸೀತ್ಕಾರಿ. 20 ನಿಮಿಷ ಸಾಕು. ಇದನ್ನು ದಿನಾ ಮಾಡಬಹುದು. ಅದೇ ತರಗತಿಗೆ ಬರುತ್ತಿದ್ದ ಬ್ಯಾಂಕಿನ ಹುಡುಗರಿಗೆ, ಎ.ಸಿ.ಯಲ್ಲಿ ಕೂತು ಸೊಂಟ ಬಿಗಿದವರಿಗೆ, ವಾರಕ್ಕೆ ನಾಲ್ಕು ದಿನ ಬೆವರಿಳಿಸುವ ಅಭ್ಯಾಸ ಹಿತವಾಗಿಯೇ ಇತ್ತು. ಒಂದೇ ಛಾವಣಿ, ಒಂದೇ ಹೊತ್ತು, ಆದರೆ ವಾರದ ಲೆಕ್ಕ ಬೇರೆ ಬೇರೆ.

ಈಗ ನನ್ನ ವರ್ಷ ಹೀಗೆ ನಡೆಯುತ್ತದೆ. ಶೀಗಿ ಹುಣ್ಣಿಮೆಯಿಂದ ಹೋಳಿವರೆಗೆ ವಾರಕ್ಕೆ ಐದು ದಿನ, ಬಿರುಸಾಗಿಯೇ. ಹೋಳಿಯಿಂದ ಯುಗಾದಿವರೆಗೆ ಮೂರು. ಯುಗಾದಿ ಕಳೆದ ಮೇಲೆ ಬಿರುಸಿನದು ವಾರಕ್ಕೊಂದು, ತಪ್ಪಿದರೆ ಎರಡು. ಉಳಿದ ದಿನ ಬೆಳಕು ಹರಿಯುವ ಮುನ್ನ ಮಾಳಿಗೆಯ ಮೇಲೆ ಅರ್ಧ ತಾಸು ಮೆತ್ತನೆಯ ಆಸನ. ಮಳೆ ಬಿದ್ದ ಮೇಲೆ, ಮುಖ್ಯವಾಗಿ ಭೀಮಾ ದಂಡೆಯ ಊರುಗಳಲ್ಲಿ, ಕಬ್ಬಿನ ನಡುವಿನ ಸೆಕೆಗೆ ಬೆವರು ಆರುವುದೇ ಇಲ್ಲ, ಮೈ ತಣಿಯುವುದೂ ಇಲ್ಲ. ಥರ್ಮಾಮೀಟರ್ 34 ತೋರಿಸಿದರೂ ಆಗ ವಾರಕ್ಕೆ ಮೂರಕ್ಕಿಂತ ಹೆಚ್ಚು ಬೇಡ. ಕರೆಂಟ್ ಹೋಗಿ ನಿದ್ದೆಗೆಟ್ಟ ರಾತ್ರಿಯ ಮರುದಿನ ಯಾವ ಋತುವಾದರೂ ಬಿಡುವು. ಹಾಸಿಗೆಯಿಂದ ಏಳುವ ಮುಂಚೆ ನಾಡಿ ಎಣಿಸಿಕೊಳ್ಳುವುದು ನನ್ನ ರೂಢಿ. ಎಂದಿಗಿಂತ ಹತ್ತು ಬಡಿತ ಹೆಚ್ಚಿದ್ದರೆ, ಮೂತ್ರ ಕಡು ಹಳದಿಯಿದ್ದರೆ, ಅಂದು ಶೀತಲಿ ಮತ್ತು ಶವಾಸನ ಬಿಟ್ಟು ಮತ್ತೇನಿಲ್ಲ.

ಕುಡಿಯುವುದರ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ನಮ್ಮ ಮನೆಗಳಲ್ಲಿ ಜೋಳದ ಅಂಬಲಿಯೂ ಉಪ್ಪು ಹಾಕಿದ ಮಜ್ಜಿಗೆಯೂ ಮೊದಲಿನಿಂದ ಇವೆ. ಬರಿ ನೀರನ್ನೇ ಗಟಗಟ ಕುಡಿದರೆ ಉಪ್ಪು ತುಂಬುವುದಿಲ್ಲ. ತಲೆ ಸುತ್ತಿದವರಿಗೆ ಒಂದು ಲೀಟರ್ ಶುದ್ಧ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಕಲಸಿ ಗುಟುಕು ಗುಟುಕಾಗಿ ಕೊಡಬೇಕು. ಮಾತು ತೊದಲಿದರೆ, ಮೈ ಕೆಂಡದಂತೆ ಸುಡುತ್ತಿದ್ದರೆ ಪಾನಕ ಕಲಸುತ್ತ ಕೂರದೆ, ನೆರಳಿಗೆ ಎಳೆದು, ಮೈಮೇಲೆ ನೀರು ಸುರಿದು, ಗಾಳಿ ಬೀಸುತ್ತ ಆಸ್ಪತ್ರೆಗೆ ಒಯ್ಯಬೇಕು. ಬಸುರಿಯರು, ಹೃದಯದ ತೊಂದರೆ ಇರುವವರು ಬಿಸಿಯ ಅಭ್ಯಾಸಕ್ಕೆ ಬರುವುದೇ ಬೇಡ, ಬಿ.ಪಿ.ಗೆ ಮೂತ್ರ ಹೆಚ್ಚಿಸುವ ಮಾತ್ರೆ ನುಂಗುವವರು ವೈದ್ಯರನ್ನು ಕೇಳದೆ ಬರುವುದು ಬೇಡ.

ಯುಗಾದಿಗೆ ಪುಣೆ, ಹೈದರಾಬಾದ್, ಬೆಂಗಳೂರಿನಿಂದ ಊರಿಗೆ ಬರುವ ಹುಡುಗರು ಅಲ್ಲಿನ ಸ್ಟುಡಿಯೊ ಅಭ್ಯಾಸವನ್ನು ಇಲ್ಲಿಯೂ ದಿನಾ ಮುಂದುವರಿಸುತ್ತೇವೆ ಎನ್ನುತ್ತಾರೆ. ಬಿಸಿ ಕೋಣೆ ರೂಢಿಯಾದವರಿಗೂ ಹಗಲಿಡೀ ಬೀಸುವ ಈ ಝಳ ರೂಢಿಯಿರುವುದಿಲ್ಲ. ಮೊದಲ ವಾರ ಬೆಳಗಿನ 15 ನಿಮಿಷ ಮೆತ್ತನೆಯದು, ಎರಡನೆಯ ವಾರ ಅರ್ಧ ತಾಸು, ತೂಕ ನೋಡಿಕೊಂಡು ಮುಂದಿನದು ಎನ್ನುತ್ತೇನೆ. ಬಹಳ ಮಂದಿಯ ರಜೆ ಅಷ್ಟರಲ್ಲಿ ಮುಗಿದಿರುತ್ತದೆ. ಅಂಥವರಿಗೆ ದಸರಾಕ್ಕೆ ಬನ್ನಿ, ಶೀಗಿ ಹುಣ್ಣಿಮೆ ಮುಗಿಸಿಯೇ ಹೋಗಿ ಎಂದು ಹೇಳಿ ಕಳಿಸುತ್ತೇನೆ.