ಹೊಲದ ಮೇಲೆ ರೈಲು ಹಾದಿ: ತಕರಾರಿಗೆ ಇರುವುದು 30 ದಿನ

ಧಾರವಾಡ–ಕಿತ್ತೂರು–ಬೆಳಗಾವಿ ರೈಲು ಮಾರ್ಗವೇ ಬೇಡ ಎನ್ನುವವರು ನಮ್ಮ ಭಾಗದಲ್ಲಿ ಕಡಿಮೆ. ಲೋಂಡಾ ಸುತ್ತಿ 120 ಕಿ.ಮೀ.ಯಷ್ಟು ಅಲೆಯುವ ಬದಲು ಸುಮಾರು 73 ಕಿ.ಮೀ.ಯಲ್ಲಿ ಬೆಳಗಾವಿ ಮುಟ್ಟಿಸುವ ಹಾದಿ ಯಾರಿಗೆ ಬೇಡ? ಸುರೇಶ ಅಂಗಡಿ ರೈಲ್ವೆ ರಾಜ್ಯ ಸಚಿವರಾಗಿದ್ದಾಗ, 2020ರಲ್ಲಿ, ಅದಕ್ಕೆ ಒಪ್ಪಿಗೆ ಸಿಕ್ಕಿತು. ಜಗಳ ಇರುವುದು ಅದು ಯಾರ ಹೊಲ ತುಳಿದು ಹೋಗುತ್ತದೆ ಎಂಬುದರಲ್ಲಿ. ಬೆಳಗಾವಿ ಕಡೆಯ ದೇಸೂರು, ಗರ್ಲಗುಂಜಿ, ನಂದಿಹಳ್ಳಿ ರೈತರು ಫಲವತ್ತಾದ ಜಮೀನು ಬಿಟ್ಟು ಬೇರೆ ಕಡೆಯಿಂದ ಹಳಿ ಹಾಕಿ ಎಂದು ಸರ್ವೆ ಕಾಲದಿಂದಲೂ ಪಟ್ಟು ಹಿಡಿದವರು. ಧಾರವಾಡದ ಕಡೆ ಕ್ಯಾರಕೊಪ್ಪ, ಮುಮ್ಮಿಗಟ್ಟಿ, ತೇಗೂರು ಸುತ್ತಲಿನವರೂ ಈ ಪ್ರಶ್ನೆ ಎದುರಿಸಬೇಕಾದವರೇ.

ಡಿಸಿ ಕಚೇರಿ ಮುಂದೆ ಟೆಂಟ್ ಹಾಕಿ ಕೂಗಿದ್ದೆಲ್ಲ ಮರುದಿನ ಪತ್ರಿಕೆಯಲ್ಲಿ ಬರುತ್ತದೆ, ಕಡತದಲ್ಲಿ ಬರುವುದಿಲ್ಲ. ಮುಂದೆ ಹೈಕೋರ್ಟಿನಲ್ಲಿ ನ್ಯಾಯಮೂರ್ತಿ ತೆರೆದು ನೋಡುವುದು ಕಡತವನ್ನೇ. ಹಾಗಂತ ಧರಣಿ ಬೇಡವೆಂದಲ್ಲ. ಧರಣಿಗೆ ಹೊರಡುವ ಮೊದಲು ತಕರಾರು ಅರ್ಜಿ ಕೊಟ್ಟು ಹೊರಡಿ.

ಯಾವ ಕಾಯ್ದೆಯ ನೋಟಿಸು?

ಕೈಗೆ ಬಂದ ನೋಟಿಸಿನ ಮೊದಲ ಪ್ಯಾರಾದಲ್ಲಿ ಕಾಯ್ದೆಯ ಹೆಸರು, ಕಲಮಿನ ಸಂಖ್ಯೆ ಇರುತ್ತದೆ. ಅದರ ಕೆಳಗೆ ಗೆರೆ ಎಳೆಯಿರಿ. ಮುಂದಿನದೆಲ್ಲ ಅದರ ಮೇಲೆ ನಿಂತಿದೆ.

ರೈಲ್ವೆ ಕಾಯ್ದೆ 1989ಕ್ಕೆ 2008ರಲ್ಲಿ ಭೂಸ್ವಾಧೀನದ ಅಧ್ಯಾಯವೊಂದನ್ನು ಸೇರಿಸಲಾಯಿತು. ಅದರ 20ಎ ಅಡಿ ಅಧಿಸೂಚನೆ ಹೊರಟರೆ, ಅದರ ಸಾರಾಂಶ ಎರಡು ಸ್ಥಳೀಯ ಪತ್ರಿಕೆಗಳಲ್ಲಿ ಬರಬೇಕು. ಒಂದು ಪ್ರಾದೇಶಿಕ ಭಾಷೆಯದಾಗಿರಬೇಕು. ತಕರಾರು ಸಲ್ಲಿಸಲು 20ಡಿ ಕೊಡುವುದು ಅಧಿಸೂಚನೆ ಪ್ರಕಟವಾದಂದಿನಿಂದ 30 ದಿನ. ಮನೆಗೆ ಪ್ರತ್ಯೇಕ ಪತ್ರ ಬರಲಿ ಎಂದು ಕಾಯುತ್ತ ಕುಳಿತವರಿಗೆ ಗಡುವು ಮುಗಿದದ್ದೇ ತಿಳಿಯುವುದಿಲ್ಲ. ಅಧಿಸೂಚನೆಯಾದ ಒಂದು ವರ್ಷದೊಳಗೆ 20ಇ ಅಡಿ ಸ್ವಾಧೀನದ ಘೋಷಣೆ ಹೊರಡದಿದ್ದರೆ ಆ ಅಧಿಸೂಚನೆಯೇ ಬಿದ್ದುಹೋಗುತ್ತದೆ. ಘೋಷಣೆ ಹೊರಟ ಕ್ಷಣ ಜಮೀನು ಕೇಂದ್ರ ಸರ್ಕಾರದ್ದು.

ಧಾರವಾಡ–ಬೆಳಗಾವಿ ಮಾರ್ಗದ ಕಥೆ ಬೇರೆ. ಇಲ್ಲಿ ಜಮೀನನ್ನು ಪುಕ್ಕಟೆ ಕೊಟ್ಟು, ಅರ್ಧ ಖರ್ಚನ್ನೂ ಭರಿಸುವುದಾಗಿ ರಾಜ್ಯ ಸರ್ಕಾರ ಒಪ್ಪಿಕೊಂಡಿದೆ. ಸ್ವಾಧೀನದ ಕೆಲಸ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ (ಕೆಐಎಡಿಬಿ) ಪಾಲಿಗೆ ಬಂದಿದೆ. ರೈಲು ಕೇಂದ್ರದ್ದು, ನೋಟಿಸು ಕೈಗಾರಿಕಾ ಮಂಡಳಿಯದ್ದು. ಕೆಐಎಡಿ ಕಾಯ್ದೆ 1966ರ ಕಲಮು 28(1)ರ ಅಡಿ ಪ್ರಾಥಮಿಕ ಅಧಿಸೂಚನೆ ಹೊರಡುತ್ತದೆ. 28(2)ರ ನೋಟಿಸು ನಿಮಗೆ ತಲುಪಿದಂದಿನಿಂದ 30 ದಿನ ಎಣಿಸಬೇಕು. 28(3) ಅಡಿ ವಿಚಾರಣೆ, 28(4) ಅಡಿ ಅಂತಿಮ ಅಧಿಸೂಚನೆ. ನೋಟಿಸು ಕೈಗೆ ಬಂದ ತಾರೀಖನ್ನು ಅದರ ಮೇಲೇ ಬರೆದಿಡಿ, ಲಕೋಟೆ ಎಸೆಯಬೇಡಿ. ಪ್ರಾಥಮಿಕ ಅಧಿಸೂಚನೆಯಿಂದ ಅಂತಿಮ ಅಧಿಸೂಚನೆಗೆ ಇಷ್ಟೇ ಕಾಲ ಎಂಬ ಗಡುವು ಈ ಕಾಯ್ದೆಯಲ್ಲಿಲ್ಲ. ಹೊಲ ಮಾರಲೂ ಆಗದೆ, ಬೋರು ಹಾಕಿಸಲೂ ಮನಸ್ಸಾಗದೆ ವರ್ಷಗಟ್ಟಲೆ ಕೂರುವ ಪಾಡು ಇದರಿಂದಲೇ ಬರುವುದು.

ಮೂರನೆಯದು 2013ರ ಭೂಸ್ವಾಧೀನ ಕಾಯ್ದೆ. ಅಲ್ಲಿ ಕಲಮು 11ರ ಅಧಿಸೂಚನೆಯ ಮೇಲೆ ತಕರಾರಿಗೆ 60 ದಿನ ಉಂಟು.

ಅರ್ಜಿಗೆ ಮುನ್ನ ಮನೆಯ ಕಾಗದ

ಉತಾರದಲ್ಲಿ ಇನ್ನೂ ಅಜ್ಜನ ಹೆಸರೇ ಇದ್ದರೆ ಮೊದಲು ವಾರಸಾ ಮಾಡಿಸಿ. ಅಣ್ಣ-ತಮ್ಮಂದಿರ ವಾಟ್ನಿ ಬಾಯಿಮಾತಿನಲ್ಲೇ ಉಳಿದಿದ್ದರೆ ಅದನ್ನೂ ಕಾಗದಕ್ಕೆ ಇಳಿಸಿ. ಪರಿಹಾರದ ದುಡ್ಡು ಕೋರ್ಟಿನ ಠೇವಣಿಯಲ್ಲಿ ಸಿಕ್ಕಿಬೀಳುವುದು ಹೆಚ್ಚಾಗಿ ಮನೆಯೊಳಗಿನ ಜಗಳದಿಂದ, ಸರ್ಕಾರದಿಂದಲ್ಲ. ಲಾವಣಿ ಹಿಡಿದು ಮಾಡುವವರೂ ಹಿತಾಸಕ್ತರೆಂದು ತಕರಾರು ಕೊಡಬಹುದು; ಅನುಭೋಗದಾರನಿಗೂ ನೋಟಿಸು ಕೊಡಬೇಕೆಂದು ಕೆಐಎಡಿ ಕಾಯ್ದೆ ಹೇಳುತ್ತದೆ.

ಜತೆಗೇ ಮಾಹಿತಿ ಹಕ್ಕಿನಡಿ ಮಾರ್ಗದ ನಕ್ಷೆ, ಅಂತಿಮ ಸರ್ವೆ ವರದಿ, ಪರಿಶೀಲಿಸಿ ಕೈಬಿಟ್ಟ ಪರ್ಯಾಯ ಮಾರ್ಗಗಳ ವಿವರ ಕೇಳಿ. ಶುಲ್ಕ 10 ರೂಪಾಯಿ. ಉತ್ತರಕ್ಕೂ 30 ದಿನ, ತಕರಾರಿಗೂ 30 ದಿನ! ಉತ್ತರ ಬರಲೆಂದು ಕಾದರೆ ಕೆಟ್ಟಿರಿ. ‘ನಕ್ಷೆ ದೊರೆತ ಮೇಲೆ ಹೆಚ್ಚುವರಿ ಆಕ್ಷೇಪಣೆ ಸಲ್ಲಿಸುವ ಹಕ್ಕನ್ನು ಕಾಯ್ದಿರಿಸಿಕೊಂಡಿದ್ದೇನೆ’ ಎಂಬ ಒಂದು ಸಾಲು ಸೇರಿಸಿ ಅರ್ಜಿ ಮೊದಲೇ ಕೊಟ್ಟುಬಿಡಿ.

ತಕರಾರಿನಲ್ಲಿ ಏನಿರಬೇಕು

‘ನಾವು ಬಡ ರೈತರು, ಜಮೀನು ಬಿಟ್ಟರೆ ಗತಿಯಿಲ್ಲ, ಯೋಜನೆ ಕೈಬಿಡಬೇಕು’ ಎಂದು ಝೆರಾಕ್ಸ್ ಮಾಡಿಸಿ ಊರಿನವರೆಲ್ಲ ಸಹಿ ಹಾಕಿದ ಅರ್ಜಿಗೆ ಒಂದೇ ಸಾಲಿನ ಉತ್ತರ ಬರುತ್ತದೆ: ಸಾರ್ವಜನಿಕ ಉದ್ದೇಶ, ತಿರಸ್ಕರಿಸಲಾಗಿದೆ. ಇದರ ಬದಲು ಹೀಗೆ ಬರೆಯಿರಿ:

‘ಸರ್ವೆ ನಂಬರ್ ಇಷ್ಟು, ಒಟ್ಟು 4 ಎಕರೆ 10 ಗುಂಟೆ. ಮಾರ್ಗವು ಹೊಲದ ನಡುವೆ ಹಾಯುವುದರಿಂದ ಬಡಗಣ 1 ಎಕರೆ 20 ಗುಂಟೆಗೆ ಎತ್ತು, ಟ್ರ್ಯಾಕ್ಟರ್ ಹೋಗುವ ದಾರಿ ಉಳಿಯುವುದಿಲ್ಲ. ಬೋರು ತೆಂಕಣ ಭಾಗದಲ್ಲಿದ್ದು ಪೈಪ್‌ಲೈನ್ ತುಂಡಾಗುತ್ತದೆ. ಮಳೆನೀರು ಹರಿಯುವ ಹಳ್ಳಕ್ಕೆ ಏರಿ ಅಡ್ಡವಾಗಿ ಎರೆ ಹೊಲದಲ್ಲಿ ನೀರು ನಿಲ್ಲುತ್ತದೆ. ಮಾರ್ಗವನ್ನು ಬಡಗಣ ಬದುವಿಗೆ ಸರಿಸಿದರೆ ಈ ಹಾನಿ ತಪ್ಪುತ್ತದೆ. ಕೈನಕ್ಷೆ ಲಗತ್ತಿಸಿದೆ.’

ಅಳತೆ, ಹಾನಿ, ಪರ್ಯಾಯ ಮೂರೂ ಇದ್ದ ಅರ್ಜಿಗೆ ಅಧಿಕಾರಿ ಕಾರಣ ಬರೆದೇ ಉತ್ತರಿಸಬೇಕಾಗುತ್ತದೆ. ಒಬ್ಬೊಬ್ಬ ಖಾತೆದಾರರೂ ಪ್ರತ್ಯೇಕ ಅರ್ಜಿ ಕೊಡಲಿ. ಊರಿನ ಸಾಮೂಹಿಕ ಅರ್ಜಿ, ಗ್ರಾಮ ಪಂಚಾಯಿತಿ ಠರಾವು ಅದರ ಜೊತೆಗಿರಲಿ. ನೋಟಿಸಿನಲ್ಲಿರುವ ವಿಳಾಸಕ್ಕೇ ಖುದ್ದು ಕೊಟ್ಟು ಠಸ್ಸೆ ಹಾಕಿಸಿಕೊಳ್ಳಿ, ಇನ್ನೊಂದು ಪ್ರತಿ ಸ್ಪೀಡ್ ಪೋಸ್ಟಿನಲ್ಲಿ ಹೋಗಲಿ.

ಹೆದ್ದಾರಿ, ಕಾರ್ಖಾನೆಗಳಿಗೆ ಪರಿಸರ ಅನುಮತಿಯ ಸಾರ್ವಜನಿಕ ಅಹವಾಲು ನಡೆಯುವುದನ್ನು ನೋಡಿದ್ದೇವೆ. 2006ರ ಪರಿಸರ ಅಧಿಸೂಚನೆಯ ಪಟ್ಟಿಯಲ್ಲಿ ರೈಲು ಮಾರ್ಗವೇ ಇಲ್ಲ. ಹೀಗಾಗಿ ಮಾರ್ಗದ ಬಗ್ಗೆ ರೈತ ಅಧಿಕಾರಿಯ ಮುಂದೆ ಮಾತಾಡಲು ಸಿಗುವ ಸರದಿ ಈ ತಕರಾರಿನ ವಿಚಾರಣೆಯೊಂದೇ. ತಪ್ಪಿಸಬೇಡಿ, ಬೇಕಾದರೆ ವಕೀಲರನ್ನು ಕರೆದೊಯ್ಯಿರಿ. ಹೇಳಿದ್ದೆಲ್ಲ ನಡಾವಳಿಯಲ್ಲಿ ದಾಖಲಾಯಿತೇ ಎಂದು ಓದಿ ನೋಡಿದ ಮೇಲೆಯೇ ಸಹಿ ಮಾಡಿ.

ಕೋರ್ಟಿನಿಂದ ಏನು ಸಿಕ್ಕೀತು?

ಧಾರವಾಡದಲ್ಲೇ ಹೈಕೋರ್ಟ್ ಪೀಠವಿರುವುದು ಅನುಕೂಲವೇ. ಆದರೆ ಮಾರ್ಗ ಬದಲಿಸಿಕೊಡಿ ಎಂದು ಕೇಳಿದರೆ ನಿರಾಸೆಗೆ ಸಿದ್ಧರಿರಿ. ಸುರತ್ಕಲ್–ಬಿ.ಸಿ. ರೋಡ್ ಹೆದ್ದಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2011ರಲ್ಲಿ, ಯೋಜನೆ ಹೇಗಿರಬೇಕೆಂಬುದು ಪರಿಣತರಿಗೆ ಬಿಟ್ಟದ್ದು, ದುರುದ್ದೇಶವೋ ಕಾನೂನು ಉಲ್ಲಂಘನೆಯೋ ಇದ್ದರಷ್ಟೇ ನ್ಯಾಯಾಲಯದ ಪ್ರವೇಶ ಎಂದಿತು. ಗೆಲ್ಲುವ ವಾದವೆಂದರೆ ಕ್ರಮಲೋಪ: ತಕರಾರು ಕೇಳಲೇ ಇಲ್ಲ, ಕಾರಣ ಕೊಡದೆ ತಳ್ಳಿಹಾಕಿದರು, ಗಡುವು ಮೀರಿದರು. ಕಬ್ಜಾ ಹೋದ ಮೇಲೆ ಓಡಿದರೆ ತಡವಾಯಿತು.

ದರ, ದಾರಿ, ಖಾತೆ

ಜಂಟಿ ಅಳತೆಯ ದಿನ ಹೊಲದಲ್ಲಿ ನೀವಿರಬೇಕು. ಕೆಲಗೇರಿ ಸುತ್ತಿನಂಥ ಮಾವಿನ ತೋಟವಾದರೆ ಗಿಡಗಳನ್ನು ಒಂದೊಂದಾಗಿ ಎಣಿಸಿ, ವಯಸ್ಸು ಬರೆಸಿ, ಬೋರು-ಬಾವಿ-ಶೆಡ್ಡುಗಳ ಫೋಟೊ ತೆಗೆದು ಪಂಚನಾಮೆಗೆ ಸೇರಿಸಿ. 2013ರ ಕಾಯ್ದೆಯಂತೆ ಹಿಂದಿನ ಮೂರು ವರ್ಷಗಳ ಖರೀದಿ ಪತ್ರಗಳಲ್ಲಿ ಹೆಚ್ಚು ದರದ ಅರ್ಧದಷ್ಟನ್ನು ಮಾತ್ರ ಪರಿಗಣಿಸಿ ಸರಾಸರಿ ಮಾಡುತ್ತಾರೆ. ಗ್ರಾಮೀಣ ಭಾಗಕ್ಕೆ ಗರಿಷ್ಠ ಎರಡು ಪಟ್ಟಿನ ಗುಣಕ, ಅದರ ಮೇಲೆ ಶೇ 100 ಸಾಂತ್ವನ ಧನ. ಪರಿಹಾರದ ಈ ಲೆಕ್ಕವನ್ನು 2015ರಲ್ಲಿ ರೈಲ್ವೆ ಕಾಯ್ದೆಗೂ ಅನ್ವಯಿಸಲಾಗಿದೆ. ಕೆಐಎಡಿಬಿಯಲ್ಲಿ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಸಭೆಯಲ್ಲಿ ದರ ಕುದುರುತ್ತದೆ. ಒಪ್ಪಂದಕ್ಕೆ ಸಹಿ ಮಾಡಿದ ಮೇಲೆ ಹೆಚ್ಚಿಗೆ ಕೊಡಿಸಿ ಎಂದು ಕೋರ್ಟಿಗೆ ಹೋಗುವ ಬಾಗಿಲು ಮುಚ್ಚಿದಂತೆಯೇ. ಸುತ್ತಲಿನ ಖರೀದಿ ಪತ್ರಗಳನ್ನು ಉಪನೋಂದಣಿ ಕಚೇರಿಯಿಂದ ತೆಗೆಸಿಕೊಂಡೇ ಆ ಸಭೆಗೆ ಹೋಗಿ.

ದುಡ್ಡಿನ ಗದ್ದಲದಲ್ಲಿ ದಾರಿ ಮರೆತುಹೋಗುತ್ತದೆ. ರೈಲ್ವೆ ಕಾಯ್ದೆಯ ಕಲಮು 16, ಹಳಿಯಿಂದ ತುಂಡಾದ ಜಮೀನಿಗೆ ದಾಟುದಾರಿ, ಸೇತುವೆ, ಮೊದಲಿನಂತೆ ನೀರು ಹರಿಯಲು ಮೋರಿ ಮಾಡಿಕೊಡುವ ಹೊಣೆಯನ್ನು ರೈಲ್ವೆಗೆ ಹೊರಿಸುತ್ತದೆ. ದಾಟುದಾರಿ ಎಲ್ಲೆಲ್ಲಿ ಬೇಕೆಂಬುದು ರಾಜ್ಯ ಸರ್ಕಾರದ ಅಭಿಪ್ರಾಯಕ್ಕೆ ಬಿಟ್ಟದ್ದು. ಆದ್ದರಿಂದ ಕೆಳಸೇತುವೆ ಎಲ್ಲಿ ಬೇಕು, ಮೇವಿನ ಗಾಡಿ ದಾಟಲು ಎಷ್ಟು ಎತ್ತರ ಬೇಕು ಎಂದು ಜಿಲ್ಲಾಧಿಕಾರಿಗೆ, ನೈಋತ್ಯ ರೈಲ್ವೆಯ ನಿರ್ಮಾಣ ವಿಭಾಗಕ್ಕೆ ಈಗಲೇ ಬರೆಯಿರಿ. ಏರಿ ಎದ್ದ ಮೇಲೆ ಅದನ್ನು ಒಡೆಸುವುದು ಯಾರ ಕೈಯಲ್ಲೂ ಆಗದ ಮಾತು.

ಪರಿಹಾರ ಬಂದ ಮೇಲೂ ಒಮ್ಮೆ ವಿಚಾರಿಸಿ. ಧಾರವಾಡದ ಕೆಐಎಡಿಬಿಯಲ್ಲಿ, ಹಣ ಪಾವತಿಯಾಗಿ ಮುಗಿದಿದ್ದ ಜಮೀನಿಗೆ ರೈತರ ಹೆಸರಲ್ಲಿ ನಕಲಿ ಖಾತೆ ತೆರೆದು ಇನ್ನೊಮ್ಮೆ ದುಡ್ಡು ಎತ್ತಿದ ಆರೋಪ ಸಿಐಡಿ ತನಿಖೆಯವರೆಗೆ ಹೋಯಿತು. ನಿಮ್ಮ ಸರ್ವೆ ನಂಬರಿಗೆ ಯಾವ ಬ್ಯಾಂಕಿನ ಯಾವ ಖಾತೆಗೆ, ಯಾವ ತಾರೀಖಿಗೆ, ಎಷ್ಟು ಸಂದಾಯವಾಗಿದೆ ಎಂದು ಮಾಹಿತಿ ಹಕ್ಕಿನಡಿ ಬರಹದಲ್ಲಿ ತೆಗೆದುಕೊಳ್ಳಿ. ಆಧಾರ್, ಪ್ಯಾನ್ ಝೆರಾಕ್ಸ್ ಕೊಡುವಾಗ ಅದರ ಮೇಲೆ ಅಡ್ಡಲಾಗಿ ಕಾರಣ, ತಾರೀಖು ಬರೆದು ಸಹಿ ಹಾಕಿ ಕೊಡಿ.