ದರ್ಜೆಗೆ ಹೆಸರಿಡುವುದು: ಏಜೆಂಟರ ವರ್ಗೀಕರಣದ ಬಗ್ಗೆ ಒಂದು ಪಾಠ



ಬರುವ ಮಹಾಸಭೆಯ ಮುಂದೆ ನಮ್ಮ ಸಂಘದ ಆಡಳಿತ ಮಂಡಳಿಯು ಒಂದು ಸಣ್ಣ ನಿಯಮಾವಳಿಯನ್ನು ಇಡಲಿದೆ. ಹಳ್ಳಿಗಳಲ್ಲಿ ಅಡಿಕೆ, ಕಾಫಿ ಸಂಗ್ರಹಿಸಿ ಸಂಘಕ್ಕೆ ತರುವವರನ್ನೂ ಪೇಟೆಗಳಲ್ಲಿ ನಮ್ಮ ಕಾಫಿಪುಡಿ ಮಾರುವವರನ್ನೂ ದರ್ಜೆಗಳಾಗಿ ವಿಂಗಡಿಸಿ, ಯಾವ ದರ್ಜೆಗೆ ಯಾವ ಅಧಿಕಾರ, ಎಷ್ಟು ಕಮಿಷನ್ ಎಂದು ಗೊತ್ತುಮಾಡುವುದು ಅದರ ಉದ್ದೇಶ. ಕಮಿಷನ್ನಿನ ಲೆಕ್ಕ ಒಂದೇ ಸಭೆಯಲ್ಲಿ ಮುಗಿಯಿತು. ಹೆಸರುಗಳಿಗೆ ಮೂರು ಸಭೆ ಹಿಡಿಯಿತು. "ಹೆಸರಿಗೆ ಇಷ್ಟೊಂದು ಚರ್ಚೆ ಯಾಕೆ? ಏನೋ ಒಂದು ಇಟ್ಟರಾಯಿತು" ಎಂದು ಕೆಲವು ಸದಸ್ಯರು ನಮ್ಮನ್ನು ಕೇಳಿದ್ದುಂಟು. ಆ ಪ್ರಶ್ನೆಗೆ ಉತ್ತರವಾಗಿ ಈ ಪಾಠವನ್ನು ಬರೆದಿದ್ದೇವೆ.

ನಾವು ಮಾಡಿದ ತಪ್ಪು

ಕೆಲವು ವರ್ಷಗಳ ಹಿಂದೆ ನಮ್ಮಲ್ಲಿಗೆ ಮಾಲು ತರುವ ಹಳ್ಳಿಯ ಸಂಗ್ರಹಗಾರರಿಗೆ ಉತ್ತೇಜನ ಕೊಡಬೇಕೆಂದು ಸಂಘ ಯೋಚಿಸಿತು. ಹಿಂದಿನ ವರ್ಷ ತಂದ ಮಾಲಿನ ತೂಕ ನೋಡಿ ಅವರನ್ನು 'ರಜತ ಪಾಲುದಾರ', 'ಸ್ವರ್ಣ ಪಾಲುದಾರ', 'ವಜ್ರ ಪಾಲುದಾರ' ಎಂದು ಕರೆದೆವು. ಸಂಘದ ಮುದ್ರೆ ಹಾಕಿ, ಕಟ್ಟು ಹಾಕಿಸಿ ಪ್ರಮಾಣಪತ್ರ ಕೊಟ್ಟೆವು. ಹಾರ ಹಾಕಿ ಫೋಟೋ ಸಹ ತೆಗೆಸಿದ್ದಾಯಿತು.

ಅವರ ಸಾಲವೆಷ್ಟು, ತಕ್ಕಡಿ ಸರಿಯಿದೆಯೇ, ಬೆಳೆಗಾರರಿಗೆ ಹಣ ಸಕಾಲಕ್ಕೆ ಕೊಡುತ್ತಾರೆಯೇ ಎಂಬ ಒಂದನ್ನೂ ನಾವು ನೋಡಿರಲಿಲ್ಲ. ನೋಡಿದ್ದು ತೂಕ ಮಾತ್ರ. ಆದರೆ 'ವಜ್ರ' ಎಂಬ ಮಾತನ್ನು ಓದಿದವನಿಗೆ ಅದು ತೂಕದ ಲೆಕ್ಕವೆಂದು ಹೇಗೆ ತಿಳಿಯಬೇಕು? ಒಬ್ಬ ವಜ್ರ ಪಾಲುದಾರರ ಅಂಗಡಿಯಲ್ಲಿ ಪ್ರಮಾಣಪತ್ರ ನೋಡಿದ ಒಂದೆರಡು ಎಕರೆಯ ಬೆಳೆಗಾರರು, ಹಣಕ್ಕೆ ಸಂಘವೇ ಹೊಣೆ ಎಂದು ತಿಳಿದು ಅಡಿಕೆಯನ್ನೂ ಒಣಗಿದ ಚೆರ್ರಿಯನ್ನೂ ಬರೀ ಚೀಟಿಯ ಮೇಲೆ ಕೊಟ್ಟರು. ಧಾರಣೆ ಇಳಿಯಿತು. ಏರುಧಾರಣೆಯಲ್ಲಿ ಕೊಂಡಿದ್ದ ಅವರಿಗೆ ಹಣ ಹೊಂದಿಸಲಾಗಲಿಲ್ಲ. ಮಳೆಗಾಲದ ಮೊದಲು ಗೊಬ್ಬರಕ್ಕೆ, ಮಕ್ಕಳ ಶಾಲೆಯ ಫೀಸಿಗೆ ಹಣ ಬೇಕಾದಾಗ ಚೀಟಿ ಹಿಡಿದು ಜನ ನಮ್ಮ ಕಚೇರಿಗೆ ಬಂದರು.

ಒಬ್ಬ ಹಿರಿಯ ಸದಸ್ಯರು ಚೀಟಿಯನ್ನು ಮೇಜಿನ ಮೇಲಿಟ್ಟು, "ಸೆಕ್ರೆಟರಿಯವರೇ, ವಜ್ರ ಅಂತ ನೀವೇ ಬರೆದು ಕೊಟ್ಟಿದ್ರಲ್ಲ. ಅದನ್ನ ಓದಿ ನಂಬಿದ್ದು ನಮ್ಮ ತಪ್ಪಾ?" ಎಂದು ಕೇಳಿದರು. ನಮ್ಮಲ್ಲಿ ಉತ್ತರವಿರಲಿಲ್ಲ. ಆ ಸಂಗ್ರಹಗಾರರೂ ಮೋಸಗಾರರಲ್ಲ. ಕಷ್ಟ ಬಂದಾಗ ಸಂಘ ತಮ್ಮ ಬೆನ್ನಿಗೆ ನಿಲ್ಲುತ್ತದೆಂದು ಅವರೂ ಆ ಹೆಸರನ್ನು ಹಾಗೆಯೇ ಓದಿಕೊಂಡಿದ್ದರು. ಕಂತಿನ ಮೇಲೆ ಹಣ ತೀರುವುದಕ್ಕೆ ಎರಡು ಫಸಲು ಬೇಕಾಯಿತು. ಪ್ರಮಾಣಪತ್ರಗಳನ್ನು ಮಂಡಳಿಯು ಹಿಂದಕ್ಕೆ ಪಡೆಯಿತು. ಹಣ ಬಂತು, ಕಳೆದ ನಂಬಿಕೆ ಅಷ್ಟು ಬೇಗ ಬರಲಿಲ್ಲ.

ಕಾನೂನಿನ ಮಾತು

ಪ್ರಕರಣ ನ್ಯಾಯಾಲಯಕ್ಕೆ ಹೋಗಲಿಲ್ಲ. ಹೋಗಿದ್ದರೆ ಎರಡು ಕಾನೂನುಗಳ ಪ್ರಶ್ನೆ ಏಳುತ್ತಿತ್ತು.

ಮೊದಲನೆಯದು 1932ರ ಭಾರತ ಪಾಲುದಾರಿಕೆ ಅಧಿನಿಯಮ. ಯಾವನಾದರೂ ಮಾತಿನಿಂದಾಗಲಿ, ಬರಹದಿಂದಾಗಲಿ, ನಡತೆಯಿಂದಾಗಲಿ ತಾನು ಒಂದು ವ್ಯಾಪಾರದ ಪಾಲುದಾರನೆಂದು ತೋರಿಸಿಕೊಂಡರೆ, ಅಥವಾ ಬೇರೆಯವರು ಹಾಗೆ ತೋರಿಸುವುದನ್ನು ತಿಳಿದೂ ಸುಮ್ಮನಿದ್ದರೆ, ಅದನ್ನು ನಂಬಿ ಸಾಲ ಕೊಟ್ಟವರಿಗೆ ಅವನೂ ಪಾಲುದಾರನಂತೆಯೇ ಹೊಣೆಗಾರನಾಗುತ್ತಾನೆ ಎಂದು ಅದರ 28ನೇ ಕಲಮು ಹೇಳುತ್ತದೆ. ಲಾಭದಲ್ಲಾಗಲಿ ನಷ್ಟದಲ್ಲಾಗಲಿ ಪಾಲಿಲ್ಲದವರಿಗೆ ನಾವು 'ಪಾಲುದಾರ' ಎಂಬ ಪದವನ್ನು ಕೊಟ್ಟಿದ್ದೆವು. ಪೇಟೆಯಲ್ಲಿ ಇದು ಸಲಿಗೆಯ ಮಾತಾಗಿರಬಹುದು, ಕಾನೂನಿನಲ್ಲಿ ಅದಕ್ಕೆ ತೂಕವಿದೆ.

ಎರಡನೆಯದು 1872ರ ಭಾರತ ಕರಾರು ಅಧಿನಿಯಮ. ಏಜೆಂಟನು ತನಗಿಲ್ಲದ ಅಧಿಕಾರವನ್ನು ಚಲಾಯಿಸಿದರೂ, ಅವನಿಗೆ ಆ ಅಧಿಕಾರ ಉಂಟೆಂದು ಹೊರಗಿನವರು ನಂಬುವಂತೆ ಮಾಲೀಕನೇ ಮಾಡಿದ್ದರೆ, ಆ ವ್ಯವಹಾರಕ್ಕೆ ಮಾಲೀಕನು ಬದ್ಧನೆಂದು ಅದರ 237ನೇ ಕಲಮಿನಲ್ಲಿದೆ. ನಮ್ಮ ಮುದ್ರೆಯ ಕಾಗದ ಅಂಥ ನಂಬಿಕೆಯನ್ನು ಹುಟ್ಟಿಸಿತೇ ಇಲ್ಲವೇ? ಇದನ್ನು ಬಾಂಧವರೇ ಯೋಚಿಸಬಹುದು.

ನಮ್ಮ ಮಂಡಿಯ ಹೆಸರುಗಳು ಕಲಿಸುವುದು

ದರ್ಜೆಗೆ ಹೆಸರಿಡುವ ವಿದ್ಯೆ ನಮಗೆ ಹೊಸದೇನಲ್ಲ. ನಮ್ಮ ಬೆಳೆ ಮಾರಾಟವಾಗುವುದೇ ದರ್ಜೆಯ ಹೆಸರಿನಿಂದ.

ದಕ್ಷಿಣ ಕನ್ನಡದ ಬಿಳಿ ಅಡಿಕೆಯನ್ನು ನೋಡಿ. ಆ ವರ್ಷದ್ದು ಹೊಸ ಅಡಿಕೆ, ಹಿಂದಿನ ವರ್ಷದ್ದು ಸಿಂಗಲ್ ಚೋಲ್, ಅದಕ್ಕೂ ಹಳೆಯದು ಡಬಲ್ ಚೋಲ್. ಅಳತೆ ಒಂದೇ: ವಯಸ್ಸು. ಶಿರಸಿಯ ಕಡೆಯ ಕೆಂಪುಗೋಟು, ಬಿಳಿಗೋಟು ಎಂಬಲ್ಲಿ ಬಣ್ಣ ಹೆಸರಿನಲ್ಲೇ ಇದೆ. ಶಿವಮೊಗ್ಗ ಮಂಡಿಯ ಹಸ, ಬೆಟ್ಟೆ, ರಾಶಿ, ಗೊರಬಲು ಎಂಬ ಹೆಸರುಗಳು ಹೊರಗಿನವನಿಗೆ ಏನೂ ಹೇಳಲಾರವು. ಆದರೆ ತಲೆಮಾರುಗಳ ಬಳಕೆ ಅವಕ್ಕೆ ಅರ್ಥ ತುಂಬಿದೆ. ನಾವು ಇಂದು ಇಡುವ ಹೆಸರಿಗೆ ಬಳಕೆಯ ಬಲವಿಲ್ಲ. ಆದ್ದರಿಂದ ಅದು ತನ್ನ ಅರ್ಥವನ್ನು ತಾನೇ ಹೇಳಬೇಕು.

ಕಾಫಿಯಲ್ಲಿ ಪ್ಲಾಂಟೇಶನ್ 'ಎ' ಎಂದರೆ ಅತ್ಯುತ್ತಮವೆಂದು ಹೊಸಬನು ತಿಳಿಯುತ್ತಾನೆ. ಅದರ ಮೇಲೆ 'ಎಎ' ಇದೆ. 'ಎಎ' ಬೀಜವನ್ನು 7.10 ಮಿಲಿಮೀಟರ್ ಜರಡಿಯಲ್ಲೂ, 'ಎ' ಬೀಜವನ್ನು 6.65 ಮಿಲಿಮೀಟರ್ ಜರಡಿಯಲ್ಲೂ, 'ಬಿ'ಯನ್ನು 6.00 ಮಿಲಿಮೀಟರ್ ಜರಡಿಯಲ್ಲೂ ಅಳೆಯುತ್ತಾರೆ. ಅಂದರೆ ಈ ಅಕ್ಷರಗಳು ಮುಖ್ಯವಾಗಿ ಬೀಜದ ಗಾತ್ರವನ್ನು ಹೇಳುತ್ತವೆ, ಲೋಟದಲ್ಲಿನ ರುಚಿಯನ್ನಲ್ಲ. ಇನ್ನು 'ಪಿಬಿ' ಎಂಬುದು ಈ ಏಣಿಯ ಮೆಟ್ಟಿಲೇ ಅಲ್ಲ. ಹಣ್ಣಿನಲ್ಲಿ ಒಂದೇ ಬೀಜ ಬೆಳೆದು ದುಂಡಗಾದ ಪೀಬೆರಿ ಅದು. ಅದರ ಗುರುತು ಆಕಾರ. ಒಂದೇ ಪಟ್ಟಿಯಲ್ಲಿ ಎರಡು ಅಳತೆ ಸೇರಿದಾಗ ಯಾವುದು ಮೇಲು, ಯಾವುದು ಕೆಳಗೆ ಎಂಬ ಗೊಂದಲ ಹೇಗೆ ಹುಟ್ಟುತ್ತದೆಂಬುದಕ್ಕೆ ಇದೇ ನಿದರ್ಶನ.

ಹೊರದೇಶದ ಉದಾಹರಣೆಗಳು

ಗ್ವಾಟೆಮಾಲಾ ದೇಶದಲ್ಲಿ ಕಾಫಿಯ ದರ್ಜೆಯನ್ನು ತೋಟದ ಎತ್ತರದ ಮೇಲೆ ಗೊತ್ತುಮಾಡುವ ಪದ್ಧತಿಯಿದೆ. ಇಂಗ್ಲಿಷಿನಲ್ಲಿ 'ಪ್ರೈಮ್' ಎಂದರೆ ಶ್ರೇಷ್ಠ. ಆದರೆ ಅಲ್ಲಿ 'ಪ್ರೈಮ್' ಎಂಬುದು ತಗ್ಗಿನ ತೋಟದ ಕಾಫಿ. ಸುಮಾರು 4,500 ಅಡಿಗಿಂತ ಮೇಲಿನ ತೋಟಗಳದ್ದಕ್ಕೆ 'ಸ್ಟ್ರಿಕ್ಟ್ಲಿ ಹಾರ್ಡ್ ಬೀನ್', ಅಂದರೆ ಅಪ್ಪಟ ಗಟ್ಟಿಬೀಜ, ಎಂದು ಹೆಸರು. ತಂಪಿನಲ್ಲಿ ಹಣ್ಣು ನಿಧಾನವಾಗಿ ಮಾಗಿ ಬೀಜ ಗಟ್ಟಿಯಾಗುತ್ತದೆ. 'ಗಟ್ಟಿಬೀಜ' ಎಂಬ ಹೆಸರಿಗೆ ಆಡಂಬರವಿಲ್ಲ, ಆದರೆ ಪರೀಕ್ಷಿಸಿ ನೋಡಬಹುದಾದ ಗುಣವನ್ನು ಹೇಳುತ್ತದೆ. 'ಪ್ರೈಮ್' ಎಂಬ ಹೊಗಳಿಕೆ ಕೇಳಿದವನನ್ನು ದಾರಿ ತಪ್ಪಿಸುತ್ತದೆ.

ಪಾಲುದಾರರ ದರ್ಜೆಗೇ ಸೇರಿದ ಉದಾಹರಣೆಯೂ ಕಾಫಿಯಲ್ಲಿದೆ. 2012ರಲ್ಲಿ ಟಾಟಾದವರೊಡನೆ ಸೇರಿ ಮುಂಬಯಿಯಲ್ಲಿ ಅಂಗಡಿ ತೆರೆದ ಅಮೆರಿಕದ ಸ್ಟಾರ್‌ಬಕ್ಸ್ ಕಂಪೆನಿಯು, ತನಗೆ ಕಾಫಿ ಒದಗಿಸುವವರಿಗಾಗಿ 2004ರಲ್ಲಿ ಒಂದು ಪದ್ಧತಿಯನ್ನು ಜಾರಿಗೆ ತಂದಿತ್ತು. ಕೂಲಿಗಾರರ ಸ್ಥಿತಿ, ನೀರು, ಮಣ್ಣು, ನೆರಳು ಮುಂತಾದವನ್ನು ಹೊರಗಿನ ತನಿಖೆದಾರರು ನೋಡಿ ಅಂಕ ಕೊಡುತ್ತಿದ್ದರು. ನೂರಕ್ಕೆ 80 ಮತ್ತು ಮೇಲ್ಪಟ್ಟು ಬಂದವರು 'ಸ್ಟ್ರಾಟಜಿಕ್', 60ರಿಂದ 80ರವರೆಗಿನವರು 'ಪ್ರಿಫರ್ಡ್', ಅದಕ್ಕೂ ಕಡಮೆಯವರು 'ವೆರಿಫೈಡ್'. ಅಂಕಗಳ ಮೇಲೆ ನಿಂತಿದ್ದರಿಂದ ಪದ್ಧತಿಯ ಬುಡ ಗಟ್ಟಿಯಾಗಿತ್ತು. ಹೆಸರುಗಳು ಮಾತ್ರ ತೊಡಕಿನವು. 'ವೆರಿಫೈಡ್' ಎಂದರೆ ತನಿಖೆಯಾದವನು. ಮೂರು ದರ್ಜೆಯವರೂ ತನಿಖೆಯಾದವರೇ ಅಲ್ಲವೇ? ಕೆಳಗಿನ ದರ್ಜೆಯವನು ತಾನು ಕೆಳಗಿದ್ದೇನೆಂದು ಆ ಹೆಸರಿನಿಂದ ತಿಳಿಯಲಾರ.

ಕಂಪ್ಯೂಟರ್ ವ್ಯವಹಾರದ ಮೈಕ್ರೋಸಾಫ್ಟ್ ಕಂಪೆನಿಯೂ ತನ್ನ ಪಾಲುದಾರ ಸಂಸ್ಥೆಗಳಿಗೆ ಬೆಳ್ಳಿ, ಚಿನ್ನ ಎಂಬ ದರ್ಜೆಗಳನ್ನು ಕೊಡುತ್ತಿತ್ತು. 2022ರಲ್ಲಿ ಅವನ್ನು ಬಿಟ್ಟು, ಆ ಸಂಸ್ಥೆಗೆ ಯಾವ ಕೆಲಸದಲ್ಲಿ ಪರಿಣತಿಯಿದೆ ಎಂಬುದನ್ನೇ ಹೇಳುವ ಹೆಸರುಗಳಿಗೆ ಹೊರಳಿತು. ಅಷ್ಟು ದೊಡ್ಡ ಕಂಪೆನಿಯೇ ಚಿನ್ನ ಬೆಳ್ಳಿಯನ್ನು ಕೆಳಗಿಟ್ಟ ಮೇಲೆ ನಾವೇಕೆ ಹೊರಬೇಕು?

ಹೆಸರಿಡುವ ಕ್ರಮ

ಇಷ್ಟರಿಂದ ನಾವು ಕಲಿತದ್ದನ್ನು ಆರು ಸೂತ್ರಗಳಾಗಿ ಇಡಬಹುದು.

1. ಮೊದಲು ಅಳತೆ, ಆಮೇಲೆ ಹೆಸರು. ತೂಕವೋ, ಅಧಿಕಾರವೋ, ಕೆಲಸವೋ ಎಂಬುದನ್ನು ನಿಶ್ಚಯಿಸದೆ ಹೆಸರು ಹುಡುಕಬಾರದು. ಒಂದು ಏಣಿಗೆ ಒಂದೇ ಅಳತೆ.

2. ಹೆಸರು ಹೊಗಳಬಾರದು, ಹೇಳಬೇಕು. ಹೊಗಳಿಕೆಯಿಂದ ಏಜೆಂಟನಿಗೆ ಸಂತೋಷ. ಚೀಟಿ ಹಿಡಿದವನಿಗೆ ಪ್ರಯೋಜನವಿಲ್ಲ. ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ.

3. ಇಲ್ಲದ ಹೊಣೆಯನ್ನು ಹೆಸರು ಸೂಚಿಸಬಾರದು. 'ಪಾಲುದಾರ', 'ಪ್ರತಿನಿಧಿ', 'ಅಧಿಕೃತ' ಎಂಬ ಪದಗಳನ್ನು ಸಂಘವು ನಿಜವಾಗಿ ಆ ಹೊಣೆ ಹೊರುವಲ್ಲಿ ಮಾತ್ರ ಬಳಸತಕ್ಕದ್ದು. ನಮ್ಮ ಸಹಕಾರ ಕಾನೂನಿನ 'ನಾಮಮಾತ್ರ ಸದಸ್ಯ' ಎಂಬ ಹೆಸರು ಇಲ್ಲಿ ಒಳ್ಳೆಯ ಮಾದರಿ. ಮತದ ಹಕ್ಕಿನ ಪೂರ್ಣ ಸದಸ್ಯತ್ವ ಇದಲ್ಲವೆಂದು ಅದು ಮುಚ್ಚುಮರೆಯಿಲ್ಲದೆ ಹೇಳುತ್ತದೆ.

4. ಕೆಳಗಿನ ದರ್ಜೆಯವನಿಗೆ ಅವಮಾನವಾಗಬಾರದು. ರೈಲ್ವೆಯವರು 1974ರಲ್ಲಿ 'ಮೂರನೇ ದರ್ಜೆ'ಯನ್ನೇ ತೆಗೆದುಹಾಕಿದ್ದನ್ನು ಹಿರಿಯರು ಬಲ್ಲರು. ಸಣ್ಣ ವ್ಯಾಪಾರಿಯೂ ತನ್ನ ಹೆಸರನ್ನು ಅಂಗಡಿಯ ಮುಂದೆ ತೂಗುಹಾಕಲು ನಾಚಬಾರದು.

5. ಮುಂದೆ ದರ್ಜೆ ಸೇರಿಸಲು ಎಡೆಯಿರಬೇಕು. 'ಸರ್ವೋತ್ತಮ' ಎಂದು ಹೆಸರಿಟ್ಟ ಮೇಲೆ ಅದಕ್ಕೂ ಮೇಲಿನದನ್ನು ಏನೆಂದು ಕರೆಯುವುದು? ಕೆಲಸದ ಹೆಸರಿಗೆ ಈ ತೊಂದರೆಯಿಲ್ಲ.

6. ಚೀಟಿ ಯಾವ ಭಾಷೆಯಲ್ಲಿದೆಯೋ ಹೆಸರೂ ಆ ಭಾಷೆಯಲ್ಲಿರಬೇಕು. ಬಾಯಲ್ಲಿ ಹೇಳಿದಾಗ, ಫೋನಿನಲ್ಲಿ ಕೇಳಿದಾಗ ಒಂದು ಇನ್ನೊಂದರಂತೆ ಕೇಳಿಸಬಾರದು.

ಮಂಡಳಿ ಸೂಚಿಸುವ ಹೆಸರುಗಳು

ಹಳ್ಳಿಯ ಸಂಗ್ರಹಗಾರರಿಗೆ ಅಳತೆಯೆಂದರೆ ಸಂಘ ಅವರಿಗೆ ಕೊಟ್ಟ ಅಧಿಕಾರ. ಮಾಲನ್ನು ತೂಗಿ ರಸೀದಿ ಕೊಡಬಲ್ಲವರು 'ತೂಕದ ಏಜೆಂಟ್'. ತೂಗುವುದರ ಜೊತೆಗೆ ನಮ್ಮ ಮಾದರಿ ನೋಡಿ ಮಾಲಿನ ದರ್ಜೆಯನ್ನೂ ಬರೆಯಬಲ್ಲವರು 'ತೂಕ-ದರ್ಜೆ ಏಜೆಂಟ್'. ಇವೆರಡರ ಜೊತೆಗೆ ಸಂಘದ ಪರವಾಗಿ ಹಣವನ್ನೂ ಪಾವತಿ ಮಾಡಬಲ್ಲವರು, ಅದಕ್ಕಾಗಿ ಸಂಘದಲ್ಲಿ ಠೇವಣಿ ಇಟ್ಟವರು, 'ಪಾವತಿ ಏಜೆಂಟ್'. ಇವರ ಸಹಿಯ ಪಾವತಿ ಚೀಟಿಗೆ ಮಾತ್ರ ಸಂಘ ಹೊಣೆ. ಈ ಮಾತನ್ನು ಫಲಕದ ಮೇಲೂ ರಸೀದಿಯ ಮೇಲೂ ಹೆಸರಿನ ಕೆಳಗೇ ಅಚ್ಚು ಹಾಕಿಸುತ್ತೇವೆ.

ಕಾಫಿಪುಡಿ ಮಾರುವವರಿಗೆ ಅಳತೆ ಮಾರಾಟದ ವ್ಯಾಪ್ತಿ: 'ಚಿಲ್ಲರೆ ಮಾರಾಟಗಾರ', 'ಸಗಟು ಮಾರಾಟಗಾರ', 'ತಾಲ್ಲೂಕು ವಿತರಕ'. ಇವರಾರಿಗೂ ಬೆಳೆಗಾರರಿಂದ ಮಾಲು ಕೊಳ್ಳುವ ಅಧಿಕಾರವಿಲ್ಲ; 'ಮಾರಾಟಗಾರ' ಎಂಬ ಪದವೇ ಅದನ್ನು ಹೇಳಲೆಂದು ನಮ್ಮ ಉದ್ದೇಶ.

ಸಭೆಗೆ ಇಡುವ ಮೊದಲು ಹೆಸರುಗಳನ್ನು ಒಂದು ಸುಲಭ ಪರೀಕ್ಷೆಗೆ ಒಡ್ಡಿದೆವು. ಸಂಘಕ್ಕೆ ಮಾಲು ತಂದ ಕೆಲವರಿಗೆ, ವಿವರಣೆ ಏನೂ ಕೊಡದೆ, ಬರೀ ಹೆಸರನ್ನು ಓದಿ ಹೇಳಿ, "ಇವರ ಹತ್ತಿರ ನೀವು ಏನು ಕೇಳಬಹುದು? ಏನು ಕೇಳಬಾರದು?" ಎಂದು ವಿಚಾರಿಸಿದೆವು. ಮೊದಲು ನಾವು 'ಪೂರ್ಣ ಏಜೆಂಟ್' ಎಂದು ಬರೆದಿದ್ದೆವು. ಅದನ್ನು ಕೇಳಿದ ಒಬ್ಬ ತಾಯಿ, "ಪೂರ್ಣ ಅಂದ್ರೆ ಸಾಲವೂ ಕೊಡ್ತಾರಾ?" ಎಂದರು. ಅಂದೇ ಆ ಹೆಸರನ್ನು ತೆಗೆದು 'ಪಾವತಿ ಏಜೆಂಟ್' ಎಂದು ಮಾಡಿದೆವು. ಮೂರು ಸಭೆಗಳಲ್ಲಿ ನಮಗೆ ಕಾಣದ ದೋಷ ಆ ತಾಯಿಗೆ ಒಂದೇ ಮಾತಿನಲ್ಲಿ ಕಂಡಿತು.

ಚರ್ಚೆಗೆ ಪ್ರಶ್ನೆಗಳು

ಮಹಾಸಭೆಗೆ ಬರುವ ಮುನ್ನ ಬಾಂಧವರು ತಮ್ಮ ತಮ್ಮ ಊರುಗಳಲ್ಲಿ ಕುಳಿತು ಈ ಪ್ರಶ್ನೆಗಳನ್ನು ಚರ್ಚಿಸಬೇಕೆಂದು ವಿನಂತಿ.

1. ಸೂಚಿಸಿದ ಆರು ಹೆಸರುಗಳಲ್ಲಿ ಯಾವುದಾದರೂ ಇಲ್ಲದ ಹೊಣೆಯನ್ನು ಸೂಚಿಸುತ್ತದೆಯೇ?
2. 'ತೂಕದ ಏಜೆಂಟ್', 'ತೂಕ-ದರ್ಜೆ ಏಜೆಂಟ್' ಎಂಬ ಎರಡು ಹೆಸರುಗಳು ಮಾತಿನಲ್ಲಿ ಗೊಂದಲ ತರಬಹುದೇ? ತರುವುದಾದರೆ ಬೇರೆ ಹೆಸರು ಯಾವುದು?
3. ನಿಮ್ಮ ಮನೆಯಲ್ಲಿ ಮಾಲು ಕೊಟ್ಟು ಚೀಟಿ ಇಟ್ಟುಕೊಳ್ಳುವವರು ಯಾರು? ಅವರಿಗೆ ಈ ಹೆಸರುಗಳು ಅರ್ಥವಾಗುತ್ತವೆಯೇ?

ಆ ದಿನ ಮೇಜಿನ ಮೇಲೆ ಚೀಟಿ ಇಟ್ಟ ಹಿರಿಯರು ಈಗಲೂ ನಮ್ಮ ಸಂಘಕ್ಕೇ ಅಡಿಕೆ ಹಾಕುತ್ತಾರೆ. ಅವರು ಕೇಳಿದ ಪ್ರಶ್ನೆಯನ್ನು ಇನ್ನೊಮ್ಮೆ ಯಾರೂ ಕೇಳುವಂತಾಗಬಾರದು. ನಾವು ಬರೆದುಕೊಟ್ಟ ಮಾತನ್ನು ಬೆಳೆಗಾರರು ಓದಿ ನಂಬುತ್ತಾರೆ. ನಂಬುವಂಥದ್ದನ್ನೇ ಬರೆಯುವುದು ನಮ್ಮ ಕರ್ತವ್ಯ. ಬಾಂಧವರ ಸಲಹೆಗಳನ್ನು ಕಚೇರಿಯಲ್ಲಿ ಬರಹದಲ್ಲಾಗಲಿ ಬಾಯಿಮಾತಿನಲ್ಲಾಗಲಿ ಸ್ವೀಕರಿಸುತ್ತೇವೆ.